ಓದುಗರ ಪ್ರಶ್ನೆ: ಡಬ್ಬಿಯ ಮೇಲಿನ ಮೊಲ ಏನು ಹೇಳುತ್ತದೆ?

ಹೋದ ತಿಂಗಳ ಅಂಕಣದಲ್ಲಿ ಮುಖಕ್ಕೆ ಹಚ್ಚುವ ಕ್ರೀಮುಗಳ ಬಗ್ಗೆ ಬರೆಯುವಾಗ, ಪ್ರಾಣಿಗಳ ಮೇಲೆ ಪರೀಕ್ಷಿಸದ ಸಾಮಗ್ರಿಯನ್ನು ಆರಿಸಿಕೊಳ್ಳುವುದು ಒಳ್ಳೆಯದೆಂದು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೆ. ಬಂದ ಪತ್ರಗಳೆಲ್ಲ ಹೆಚ್ಚುಕಡಿಮೆ ಆ ಸಾಲನ್ನೇ ಹಿಡಿದುಕೊಂಡಿವೆ. ತುಮಕೂರು, ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ ಓದುಗರು ತಮಗೆ ಬೇಕಾದದ್ದನ್ನು ಬಹಳ ಖಚಿತವಾಗಿ ಕೇಳಿರುವುದರಿಂದ ಈ ಸಲದ ಪುಟಗಳನ್ನು ಅವರಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಬಿ.ಎಚ್. ರಸ್ತೆಯ ಅಂಗಡಿಯೊಂದರಲ್ಲಿ ಎರಡು ಲಿಪ್‌ಸ್ಟಿಕ್ ನೋಡಿದೆ. ಒಂದರ ಮೇಲೆ ಮೊಲದ ಚಿತ್ರವಿತ್ತು, ಬೆಲೆಯೂ ಹೆಚ್ಚು. ಇನ್ನೊಂದರ ಮೇಲೆ ಏನೂ ಇರಲಿಲ್ಲ. ಅಂಗಡಿಯವರು, "ನಮ್ಮ ದೇಶದಲ್ಲಿ ಪ್ರಾಣಿಗಳ ಮೇಲೆ ಪರೀಕ್ಷೆ ಮಾಡುವ ಹಾಗೇ ಇಲ್ಲ, ಯಾವುದನ್ನು ತೆಗೆದುಕೊಂಡರೂ ಒಂದೇ" ಎಂದರು. ಅದು ನಿಜವೇ? ನಿಜವಾದರೆ ಮೊಲದ ಚಿತ್ರಕ್ಕೆ ಹೆಚ್ಚು ಹಣ ಏಕೆ ಕೊಡಬೇಕು?
– ಪದವಿ ವಿದ್ಯಾರ್ಥಿನಿ, ತುಮಕೂರು

ಉತ್ತರ: ಅಂಗಡಿಯವರ ಮಾತಿನಲ್ಲಿ ಮುಕ್ಕಾಲು ಪಾಲು ನಿಜವಿದೆ. ಸೌಂದರ್ಯವರ್ಧಕಗಳ ಪರೀಕ್ಷೆಗೆ ಯಾರೂ ಯಾವ ಪ್ರಾಣಿಯನ್ನೂ ಬಳಸಕೂಡದು ಎಂಬ ನಿಯಮವನ್ನು ಕೇಂದ್ರ ಸರ್ಕಾರ 2014ರ ಮೇ ತಿಂಗಳಿನಲ್ಲಿ ಔಷಧ ಮತ್ತು ಸೌಂದರ್ಯವರ್ಧಕ ನಿಯಮಗಳಿಗೆ ಸೇರಿಸಿತು. ಹಾಗೆ ಪರೀಕ್ಷೆಗೊಳಗಾದ ಸಾಮಗ್ರಿಯನ್ನು ಹೊರದೇಶದಿಂದ ತರಿಸುವುದೂ ಅದೇ ವರ್ಷದ ನವೆಂಬರಿನಿಂದ ನಿಷೇಧವಾಯಿತು. 2020ರಲ್ಲಿ ಸೌಂದರ್ಯವರ್ಧಕಗಳಿಗೆಂದೇ ಪ್ರತ್ಯೇಕ ನಿಯಮಾವಳಿ ಬಂದಾಗಲೂ ಈ ನಿಷೇಧ ಹಾಗೆಯೇ ಉಳಿಯಿತು. ಸೋಪು, ಶಾಂಪೂ, ಟೂತ್‌ಪೇಸ್ಟ್, ಕಾಡಿಗೆ, ಕೂದಲಿನ ಬಣ್ಣ ಎಲ್ಲವೂ ಈ ಹೆಸರಿನಡಿ ಬರುವುದರಿಂದ, ನಮ್ಮ ದೇಶದಲ್ಲೇ ತಯಾರಾಗಿ ನಮ್ಮಲ್ಲೇ ಮಾರಾಟವಾಗುವ ಸಾಧಾರಣ ಬೆಲೆಯ ಲಿಪ್‌ಸ್ಟಿಕ್ ಮೇಲೆ ಮೊಲದ ಚಿತ್ರವಿಲ್ಲ ಎಂಬ ಒಂದೇ ಕಾರಣಕ್ಕೆ ಅನುಮಾನಪಡಬೇಕಾದದ್ದಿಲ್ಲ. ಆ ಗುರುತಿಗೆ ಅರ್ಜಿ ಹಾಕುವುದು, ದಾಖಲೆ ಒದಗಿಸುವುದು ಎಲ್ಲ ತಯಾರಕರ ಇಚ್ಛೆಗೆ ಬಿಟ್ಟ ಕೆಲಸ. ಅದರ ಗೊಡವೆಗೆ ಹೋಗದ ಸಣ್ಣ ಕಂಪನಿಗಳು ಎಷ್ಟೋ ಇವೆ.

ಇನ್ನುಳಿದ ಕಾಲು ಪಾಲಿನಲ್ಲಿ ಮೂರು ತೊಡಕುಗಳಿವೆ. ನಮ್ಮ ನಿಷೇಧದ ಮಾತು ಸೌಂದರ್ಯವರ್ಧಕವನ್ನು ಕುರಿತದ್ದು. ಲಿಪ್‌ಸ್ಟಿಕ್‌ಗೆ ಬೀಳುವ ಒಂದು ಬಣ್ಣವೋ ಸಂರಕ್ಷಕವೋ ಬೇರೆ ಕೈಗಾರಿಕೆಗಳಲ್ಲಿಯೂ ಬಳಕೆಯಾಗುತ್ತಿದ್ದರೆ, ಆ ಕೈಗಾರಿಕೆಯ ಅಗತ್ಯಕ್ಕಾಗಿ ಬೇರೊಂದು ಕಾನೂನಿನಡಿಯಲ್ಲಿ ಅದು ಪ್ರಾಣಿಗಳ ಮೇಲೆ ಪರೀಕ್ಷೆಯಾಗಿರಬಹುದು. ಯೂರೋಪಿನ ಉದಾಹರಣೆ ಇದನ್ನು ಚೆನ್ನಾಗಿ ತೋರಿಸುತ್ತದೆ. ಅಲ್ಲಿ ಸಿದ್ಧ ಸಾಮಗ್ರಿಯ ಪರೀಕ್ಷೆ 2004ರಲ್ಲಿ, ಕಚ್ಚಾ ಪದಾರ್ಥಗಳ ಪರೀಕ್ಷೆ 2009ರಲ್ಲಿ, ಪರೀಕ್ಷೆಗೊಳಗಾದವುಗಳ ಮಾರಾಟ 2013ರ ಮಾರ್ಚ್‌ನಲ್ಲಿ ಹೀಗೆ ಹಂತಹಂತವಾಗಿ ನಿಂತವು. ಆದರೂ ಸನ್‌ಸ್ಕ್ರೀನ್‌ಗಳಲ್ಲಿ ಬಳಸುವ ಎರಡು ರಾಸಾಯನಿಕಗಳನ್ನು, ಅವುಗಳನ್ನು ತಯಾರಿಸುವ ಕಾರ್ಮಿಕರ ಸುರಕ್ಷತೆಯ ದೃಷ್ಟಿಯಿಂದ, ಪ್ರಾಣಿಗಳ ಮೇಲೆ ಪರೀಕ್ಷಿಸುವಂತೆ ಅಲ್ಲಿನ ರಾಸಾಯನಿಕ ಸಂಸ್ಥೆ ಕೇಳಿತು. 2023ರ ನವೆಂಬರಿನಲ್ಲಿ ಯೂರೋಪಿನ ನ್ಯಾಯಾಲಯ ಆ ಬೇಡಿಕೆಯನ್ನೇ ಎತ್ತಿಹಿಡಿಯಿತು. ಅಂದರೆ ಒಂದು ಕಾನೂನು ಮುಚ್ಚಿದ ಬಾಗಿಲನ್ನು ಇನ್ನೊಂದು ಕಾನೂನು ತೆರೆಯಬಲ್ಲದು.

ಎರಡನೆಯ ತೊಡಕು ಹಲವು ದೇಶಗಳಲ್ಲಿ ವ್ಯಾಪಾರ ಮಾಡುವ ಕಂಪನಿಗಳದು. ಚೀನಾಕ್ಕೆ ಹೋಗುವ ಸಾಧಾರಣ ಸೌಂದರ್ಯವರ್ಧಕಗಳಿಗೂ 2021ರ ಮೇ ತಿಂಗಳವರೆಗೆ ಪ್ರಾಣಿಗಳ ಮೇಲಿನ ಪರೀಕ್ಷೆ ಕಡ್ಡಾಯವಾಗಿತ್ತು. ಅನಂತರ ಕೆಲವು ಷರತ್ತುಗಳ ಮೇಲೆ ವಿನಾಯಿತಿ ದೊರೆತರೂ, ಕೂದಲಿನ ಬಣ್ಣ ಮತ್ತು ಸನ್‌ಸ್ಕ್ರೀನ್‌ಗಳಂಥ ವಿಶೇಷ ವರ್ಗದ ಸಾಮಗ್ರಿಗಳಿಗೆ ಆ ವಿನಾಯಿತಿ ಅನ್ವಯಿಸಲಿಲ್ಲ. ತುಮಕೂರಿನಲ್ಲಿ ನಿಮ್ಮ ಕೈಗೆ ಬಂದ ಡಬ್ಬಿ ಪರೀಕ್ಷೆಗೊಳಗಾಗದೇ ಇರಬಹುದು. ಅದೇ ಕಂಪನಿಯ ಬೇರೊಂದು ಡಬ್ಬಿ ಬೇರೊಂದು ದೇಶದಲ್ಲಿ ಆಗಿರಬಹುದು. ಆ ಕಂಪನಿಗೆ ನಿಮ್ಮ ಹಣ ಹೋಗಬೇಕೇ ಬೇಡವೇ ಎಂಬುದನ್ನು ನಮ್ಮ ಕಾನೂನು ನಿರ್ಧರಿಸುವುದಿಲ್ಲ, ನೀವೇ ನಿರ್ಧರಿಸಬೇಕು.

ಮೂರನೆಯದು ಕಾಲದ ಮಾತು. ಇಂದು ಬಳಕೆಯಲ್ಲಿರುವ ಹಳೆಯ ಪದಾರ್ಥಗಳಲ್ಲಿ ಹೆಚ್ಚಿನವು ಹಿಂದೆ ಯಾವಾಗಲೋ ಒಮ್ಮೆ ಪ್ರಾಣಿಗಳ ಮೇಲೆ ಪ್ರಯೋಗವಾದವೇ. ಅದನ್ನು ಈಗ ಯಾರೂ ಅಳಿಸಲಾರರು. ಆದ್ದರಿಂದ ನಂಬಲರ್ಹ ಪ್ರಮಾಣಪತ್ರಗಳು ಒಂದು ನಿಗದಿತ ದಿನಾಂಕವನ್ನು ಹಿಡಿದು, ಅದರ ಮುಂದಕ್ಕೆ ಪರೀಕ್ಷೆ ನಡೆದಿಲ್ಲವೆಂಬುದನ್ನಷ್ಟೇ ನೋಡುತ್ತವೆ.

ಇನ್ನು ಮೊಲದ ಚಿತ್ರ. ಎಲ್ಲ ಮೊಲಗಳೂ ಒಂದೇ ಅಲ್ಲ. ನೆಗೆಯುತ್ತಿರುವ ಮೊಲದ ಗುರುತಿರುವ 'ಲೀಪಿಂಗ್ ಬನ್ನಿ' ಎಂಬ ವ್ಯವಸ್ಥೆ 1996ರಿಂದ ಇದೆ. ಇದರಡಿ ಕಂಪನಿ ತನ್ನದಷ್ಟೇ ಅಲ್ಲದೆ ತನಗೆ ಕಚ್ಚಾ ಪದಾರ್ಥ ಪೂರೈಸುವವರ ಲೆಕ್ಕವನ್ನೂ ಒಪ್ಪಿಸಬೇಕು, ಪ್ರತಿ ವರ್ಷ ತನ್ನ ಬದ್ಧತೆಯನ್ನು ನವೀಕರಿಸಬೇಕು, ಹೊರಗಿನ ತಪಾಸಣೆಗೂ ಒಪ್ಪಬೇಕು. ಪ್ರಾಣಿಗಳ ಹಕ್ಕುಗಳಿಗಾಗಿ ಹೋರಾಡುವ ಪೆಟಾ ಸಂಸ್ಥೆಯ ಮೊಲ ಮುಖ್ಯವಾಗಿ ಕಂಪನಿ ಬರೆದುಕೊಡುವ ಲಿಖಿತ ಭರವಸೆಯ ಮೇಲೆ ನಿಂತಿದೆ. ಈ ಎರಡರ ಹೊರತಾಗಿ, ಚಿತ್ರಕಾರರಿಂದ ಮುದ್ದಾದ ಮೊಲವೊಂದನ್ನು ಬರೆಸಿ ಡಬ್ಬಿಗೆ ಅಂಟಿಸಿಕೊಂಡ ಕಂಪನಿಗಳೂ ಇವೆ. ಅದರ ಹಿಂದೆ ಯಾರ ತಪಾಸಣೆಯೂ ಇರುವುದಿಲ್ಲ. ಗುರುತು ಯಾರದು ಎಂದು ನೋಡಿ, ಆ ಸಂಸ್ಥೆಯ ಜಾಲತಾಣದಲ್ಲಿರುವ ಪಟ್ಟಿಯಲ್ಲಿ ಕಂಪನಿಯ ಹೆಸರು ಇದೆಯೇ ಎಂದು ಹುಡುಕಿದರೆ ಐದು ನಿಮಿಷದಲ್ಲಿ ತಿಳಿಯುತ್ತದೆ.

ಗುರುತಿಲ್ಲದ ದೊಡ್ಡ ಕಂಪನಿಯಾಗಿದ್ದರೆ ಲೇಬಲ್ ಮೇಲಿರುವ ಗ್ರಾಹಕ ಸೇವೆಯ ವಿಳಾಸಕ್ಕೆ ಬರೆದು ಕೇಳಿ. "ನೀವು ಪ್ರಾಣಿಗಳ ಮೇಲೆ ಪರೀಕ್ಷಿಸುತ್ತೀರಾ?" ಎಂದಷ್ಟೇ ಕೇಳಿದರೆ "ಇಲ್ಲ" ಎಂಬ ಉತ್ತರ ಸುಲಭವಾಗಿ ಬರುತ್ತದೆ. ನಿಮ್ಮ ಪರವಾಗಿ ಬೇರೆಯವರು ಪರೀಕ್ಷಿಸುತ್ತಾರೆಯೇ, ಪದಾರ್ಥ ಪೂರೈಸುವವರಿಂದ ಯಾವ ದಿನಾಂಕದಿಂದ ಲಿಖಿತ ಭರವಸೆ ಪಡೆದಿದ್ದೀರಿ, ಕಾನೂನು ಕೇಳಿದರೆ ಪರೀಕ್ಷೆಗೆ ಒಪ್ಪುವ ದೇಶಗಳಲ್ಲಿ ಮಾರುತ್ತೀರಾ ಎಂದು ಕೇಳಿ. "ಕಾನೂನು ಅಗತ್ಯಪಡಿಸಿದಲ್ಲಿ ಹೊರತುಪಡಿಸಿ" ಎಂಬ ಮಾತು ಉತ್ತರದಲ್ಲಿ ನುಸುಳಿದರೆ ಅದರ ಅರ್ಥ ನಿಮಗೆ ಈಗ ಗೊತ್ತಿದೆ.

ಪ್ರಶ್ನೆ: ನಮ್ಮದು ಗೂಡು ಬೇಯಿಸಿ ನೂಲು ತೆಗೆಯುವ ಮನೆತನ. ಬೆಂಗಳೂರಿನಲ್ಲಿ ಓದುತ್ತಿರುವ ಮಗಳು, ನಾನು ತಂದಿದ್ದ ರೇಷ್ಮೆ ಪ್ರೋಟೀನಿನ ಶಾಂಪೂವನ್ನು ನೋಡಿ, "ಅಮ್ಮ, ಇದು ಕ್ರೂಯಲ್ಟಿ-ಫ್ರೀ ಅಲ್ಲ" ಎಂದಳು. ಡಬ್ಬಿಯ ಮೇಲೆ ಮೊಲದ ಗುರುತು ಇದೆಯಲ್ಲ? ಯಾರು ಹೇಳುವುದು ಸರಿ?
– ಗೃಹಿಣಿ, ಶಿಡ್ಲಘಟ್ಟ

ಉತ್ತರ: ಇಬ್ಬರೂ ಸರಿಯಾಗಿಯೇ ಹೇಳುತ್ತಿದ್ದೀರಿ, ಆದರೆ ಬೇರೆಬೇರೆ ವಿಷಯದ ಬಗ್ಗೆ. ವ್ಯಾಪಾರದ ಬಳಕೆಯಲ್ಲಿ ಕ್ರೂಯಲ್ಟಿ-ಫ್ರೀ ಎಂದರೆ ಪರೀಕ್ಷೆಗೆ ಪ್ರಾಣಿಯನ್ನು ಬಳಸಿಲ್ಲ ಎಂದಷ್ಟೇ. ಒಳಗಿರುವ ಪದಾರ್ಥ ಪ್ರಾಣಿಯಿಂದ ಬಂದದ್ದೇ ಅಲ್ಲವೇ ಎಂಬುದು ಇನ್ನೊಂದು ಪ್ರಶ್ನೆ. ಅದಕ್ಕೆ ಉತ್ತರ ಕೊಡುವುದು ವೀಗನ್ ಎಂಬ ಗುರುತು. ನಿಮ್ಮ ಶಾಂಪೂ ಮೊದಲನೆಯದರಲ್ಲಿ ತೇರ್ಗಡೆಯಾಗಿ ಎರಡನೆಯದರಲ್ಲಿ ನಪಾಸಾಗಿದೆ.

ನಿಮಗೆ ಹೇಳಬೇಕಾದದ್ದಿಲ್ಲ, ಆದರೆ ಬೇರೆ ಓದುಗರಿಗಾಗಿ ಬರೆಯುತ್ತೇನೆ. ರೇಷ್ಮೆಯ ಎಳೆಯಲ್ಲಿ ಎರಡು ಪ್ರೋಟೀನುಗಳಿರುತ್ತವೆ. ನಡುವಿನ ಗಟ್ಟಿ ನೂಲು ಫೈಬ್ರಾಯಿನ್. ಅದರ ಮೇಲೆ ಕಾಲು ಪಾಲಿನಷ್ಟು ಇರುವ ಅಂಟು ಸೆರಿಸಿನ್. ಸೋಪು, ಸೋಡಾ ಹಾಕಿ ಕುದಿಸಿ ಅಂಟನ್ನು ತೆಗೆದಾಗಲೇ ರೇಷ್ಮೆಗೆ ಹೊಳಪೂ ಮೆದುವೂ ಬರುವುದು. ಹಾಗೆ ಹೊರಬಂದ ಸೆರಿಸಿನ್ನನ್ನೂ, ನೂಲು ಬಿಚ್ಚಲಾಗದ ತ್ಯಾಜ್ಯ ಗೂಡುಗಳಿಂದ ಬಂದ ಫೈಬ್ರಾಯಿನ್ನನ್ನೂ ಸಣ್ಣ ತುಣುಕುಗಳಾಗಿ ಒಡೆದು ಶಾಂಪೂ, ಕ್ರೀಮುಗಳಿಗೆ ಸೇರಿಸುತ್ತಾರೆ. ಲೇಬಲ್ಲಿನಲ್ಲಿ ಇದು ಹೈಡ್ರೊಲೈಜ್ಡ್ ಸಿಲ್ಕ್ ಅಥವಾ ಸೆರಿಸಿನ್ ಎಂಬ ಹೆಸರಿನಲ್ಲಿರುತ್ತದೆ. ಎಳೆ ತುಂಡಾಗದೆ ಬರಬೇಕಾದರೆ ಚಿಟ್ಟೆ ಗೂಡನ್ನು ಕೊರೆದು ಹೊರಬರುವ ಮೊದಲೇ ಆವಿ ಅಥವಾ ಬಿಸಿ ಗಾಳಿಯಿಂದ ಒಳಗಿರುವ ಹುಳುವನ್ನು ಕೊಲ್ಲಬೇಕಾಗುತ್ತದೆ; ನಿಮ್ಮ ಮಗಳ ಆಕ್ಷೇಪ ಇರುವುದು ಇಲ್ಲಿ. ಚಿಟ್ಟೆ ಹಾರಿಹೋದ ಗೂಡಿನಿಂದಲೂ ರೇಷ್ಮೆ ಮಾಡುತ್ತಾರೆ, ಆದರೆ ಅದನ್ನು ಬಿಚ್ಚಲಾಗದು, ಹತ್ತಿಯ ಹಾಗೆ ನೂಲಬೇಕು.

ಇದೇ ಬಗೆಯ ಪದಾರ್ಥಗಳು ಇನ್ನೂ ಇವೆ. ಲಿಪ್‌ಸ್ಟಿಕ್ಕಿನ ಕಡುಗೆಂಪು ಬಣ್ಣ ಎಷ್ಟೋ ಸಲ ಕಾರ್ಮೈನ್. ಕಳ್ಳಿಯ ಮೇಲೆ ಬದುಕುವ ಒಂದು ಕೀಟವನ್ನು ಒಣಗಿಸಿ ತೆಗೆದದ್ದು. ಲೇಬಲ್ಲಿನಲ್ಲಿ ಅದರ ಹೆಸರಿನ ಬದಲು ಸಿಐ 75470 ಎಂಬ ಸಂಖ್ಯೆ ಮಾತ್ರ ಇರಬಹುದು. ಲಿಪ್ ಬಾಮಿನಲ್ಲಿ ಜೇನುಮೇಣ, ಉಗುರು ಬಣ್ಣದಲ್ಲಿ ಅರಗು, ಒಡೆದ ಹಿಮ್ಮಡಿಯ ಮುಲಾಮಿನಲ್ಲಿ ಲ್ಯಾನೋಲಿನ್ ಸಿಗುತ್ತವೆ. ಲ್ಯಾನೋಲಿನ್ ಎಂದರೆ ಕುರಿಯ ಉಣ್ಣೆಯಲ್ಲಿರುವ ಜಿಡ್ಡು. ಉಣ್ಣೆಯನ್ನು ತೊಳೆಯುವಾಗ ದೊರೆಯುತ್ತದೆ. ಶಿರಾ, ಪಾವಗಡದ ಕಡೆಯ ಓದುಗರು ತಮ್ಮ ಕುರಿಗಳದ್ದೇ ಎಂದುಕೊಳ್ಳುವುದು ಬೇಡ, ನಮ್ಮ ಒರಟು ಉಣ್ಣೆಯಲ್ಲಿ ಆ ಜಿಡ್ಡು ಕಡಿಮೆ.

ಕುರಿಯ ಉಣ್ಣೆ ಕತ್ತರಿಸಿದರೆ ಕುರಿ ಸಾಯುವುದಿಲ್ಲ, ಗೂಡು ಬೇಯಿಸಿದರೆ ಹುಳು ಸಾಯುತ್ತದೆ. ಆದರೂ ವೀಗನ್ ಪಟ್ಟಿ ಎರಡನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. ನನಗೆ ಕೇಳಿದರೆ, ನಿಮ್ಮ ಮಗಳು ತನ್ನ ಶಾಂಪೂವನ್ನು ಬೇರೆ ಕೊಳ್ಳಲಿ, ನೀವು ನಿಮ್ಮದನ್ನು ಬಳಸಿ. ಮನೆಯ ಕಸುಬನ್ನು ಶಾಂಪೂ ಡಬ್ಬಿಯ ಗುರುತಿನಿಂದ ಅಳೆಯುವ ಅಗತ್ಯ ಇಬ್ಬರಿಗೂ ಇಲ್ಲ.

ಪ್ರಶ್ನೆ: ನಾನು ಕೋಲಾರದಲ್ಲಿ ಬ್ಯೂಟಿ ಪಾರ್ಲರ್ ನಡೆಸುತ್ತೇನೆ. ಈಚೆಗೆ ಒಬ್ಬ ಗ್ರಾಹಕರಿಗೆ ಕೂದಲಿನ ಬಣ್ಣ ಹಾಕಿದ ಮರುದಿನ ಹಣೆ ಮತ್ತು ಕಣ್ಣಿನ ಸುತ್ತ ಊದಿಕೊಂಡಿತು. ಪ್ರಾಣಿಗಳ ಮೇಲೆ ಮೊದಲು ನೋಡದೆ ನೇರವಾಗಿ ಮನುಷ್ಯರಿಗೆ ಹಚ್ಚುವುದರಿಂದಲೇ ಹೀಗಾಗುತ್ತಿದೆಯಲ್ಲವೇ? ಮೊಲಕ್ಕೆ ನೋವಾಗಬಾರದು ನಿಜ, ಆದರೆ ನಮ್ಮ ಗ್ರಾಹಕರ ಗತಿ ಏನು?
– ಪಾರ್ಲರ್ ಮಾಲೀಕರು, ಕೋಲಾರ

ಉತ್ತರ: ನಿಮ್ಮ ಪ್ರಶ್ನೆ ಹೊಸದಲ್ಲ, ಈ ಪರೀಕ್ಷೆಗಳು ಹುಟ್ಟಿದ್ದೇ ಇಂಥ ಒಂದು ಘಟನೆಯಿಂದ. 1933ರಲ್ಲಿ ಅಮೆರಿಕದಲ್ಲಿ ಲ್ಯಾಶ್ ಲ್ಯೂರ್ ಎಂಬ ಹೆಸರಿನ, ರೆಪ್ಪೆಗೂದಲಿಗೆ ಹಚ್ಚುವ ಬಣ್ಣದಿಂದ ಹೆಂಗಸರು ಕಣ್ಣು ಕಳೆದುಕೊಂಡರು, ಒಬ್ಬರು ಸತ್ತೂ ಹೋದರು. ಅದರಲ್ಲಿದ್ದದ್ದು ಪ್ಯಾರಾ-ಫಿನೈಲೀನ್‌ಡೈಅಮೈನ್, ಪಾರ್ಲರುಗಳಲ್ಲಿ ಪಿಪಿಡಿ ಎನ್ನುವ ಪದಾರ್ಥ. ಇಂದಿಗೂ ಬಹುತೇಕ ಕಪ್ಪು ಹೇರ್ ಡೈಗಳ ಜೀವಾಳ ಅದೇ. ಸೌಂದರ್ಯವರ್ಧಕಗಳನ್ನೂ ಒಳಗೊಂಡ ಕಾನೂನು ಅಮೆರಿಕದಲ್ಲಿ 1938ರಲ್ಲಿ ಬಂತು. 1944ರಲ್ಲಿ ಅಲ್ಲಿನ ಸರ್ಕಾರಿ ವಿಜ್ಞಾನಿ ಜಾನ್ ಡ್ರೇಜ್ ಮತ್ತು ಸಂಗಡಿಗರು ಒಂದು ವಿಧಾನವನ್ನು ಪ್ರಕಟಿಸಿದರು. ಬಿಳಿ ಮೊಲದ ಒಂದು ಕಣ್ಣಿಗೆ ಪದಾರ್ಥವನ್ನು ಹಾಕಿ, ಇನ್ನೊಂದು ಕಣ್ಣನ್ನು ಹೋಲಿಕೆಗೆಂದು ಹಾಗೆಯೇ ಬಿಟ್ಟು, ಕೆಂಪಾಗುವುದು, ಊದುವುದು, ಪಾರದರ್ಶಕ ಪಟಲ ಮಸುಕಾಗುವುದು ಇವುಗಳಿಗೆ ದಿನಗಟ್ಟಲೆ ಅಂಕ ಕೊಡುತ್ತಾ ಹೋಗುವುದು. ಮೊಲ ಕಣ್ಣುಜ್ಜಿಕೊಳ್ಳದಂತೆ ತಲೆ ಮಾತ್ರ ಹೊರಗಿರುವ ಪೆಟ್ಟಿಗೆಯಲ್ಲಿ ಅದನ್ನು ಇಡುತ್ತಿದ್ದರು. ಚರ್ಮದ ಪರೀಕ್ಷೆಗೆ ಬೆನ್ನಿನ ಕೂದಲನ್ನು ಬೋಳಿಸುತ್ತಿದ್ದರು.

ಇಷ್ಟೆಲ್ಲ ಮಾಡಿ ಸಿಕ್ಕಿದ್ದೇನು? ಮೊಲದ ಕಣ್ಣು ನಮ್ಮ ಕಣ್ಣಿನಂತಿಲ್ಲ. ಅದಕ್ಕೆ ಮೂರನೆಯ ರೆಪ್ಪೆಯೊಂದಿದೆ, ನೀರು ಸುರಿಯುವುದು ಕಡಿಮೆ, ರೆಪ್ಪೆ ಬಡಿಯುವುದು ಅಪರೂಪ. ಅಂಕ ಕೊಡುವ ಕೆಲಸ ನೋಡುವವರ ಕಣ್ಣಳತೆಗೆ ಬಿಟ್ಟದ್ದು. ಒಂದೇ ಪದಾರ್ಥಗಳನ್ನು ಇಪ್ಪತ್ತಕ್ಕೂ ಹೆಚ್ಚು ಪ್ರಯೋಗಾಲಯಗಳಿಗೆ ಕೊಟ್ಟು ಹೋಲಿಸಿದ ಅಧ್ಯಯನವೊಂದು 1971ರಲ್ಲಿ ಪ್ರಕಟವಾಯಿತು; ಒಂದು ಕಡೆ ನಿರಪಾಯವೆನಿಸಿದ್ದು ಇನ್ನೊಂದು ಕಡೆ ತೀವ್ರ ಕೆರಳಿಕೆಯದೆನಿಸಿತ್ತು. 1980ರಲ್ಲಿ ಹೆನ್ರಿ ಸ್ಪೈರಾ ಎಂಬ ಹೋರಾಟಗಾರ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಪೂರ್ಣ ಪುಟದ ಜಾಹೀರಾತು ಕೊಟ್ಟು ರೆವ್ಲಾನ್ ಕಂಪನಿಯನ್ನು ಸಾರ್ವಜನಿಕವಾಗಿ ಪ್ರಶ್ನಿಸಿದ ಮೇಲೆ ಆ ಕಂಪನಿ ಪರ್ಯಾಯ ವಿಧಾನಗಳ ಸಂಶೋಧನೆಗೆ ಹಣ ಕೊಟ್ಟಿತು. ಕ್ರೌರ್ಯದ ಮಾತನ್ನು ಬದಿಗಿಟ್ಟರೂ, ಇದನ್ನು ಸುರಕ್ಷತೆಯ ಭದ್ರ ಕೋಟೆಯೆಂದು ನಂಬುವುದು ಕಷ್ಟ.

ಈಗ ಬಳಸುವ ವಿಧಾನ ಬೇರೆ. ಶಸ್ತ್ರಚಿಕಿತ್ಸೆಗಳಲ್ಲಿ ಉಳಿದ ಮಾನವ ಚರ್ಮದ ಜೀವಕೋಶಗಳನ್ನು ಬೆಳೆಸಿ, ನಿಜವಾದ ಚರ್ಮದಂತೆಯೇ ಪದರಪದರವಾಗಿ ನಿಲ್ಲುವ ತುಣುಕುಗಳನ್ನು ತಯಾರಿಸುತ್ತಾರೆ. ಅದರ ಮೇಲೆ ಪದಾರ್ಥವನ್ನು ಹಾಕಿ, ತೊಳೆದು, ಎಷ್ಟು ಕೋಶಗಳು ಬದುಕಿವೆಯೆಂಬುದನ್ನು ಒಂದು ಬಣ್ಣದ ಸಹಾಯದಿಂದ ಅಳೆಯುತ್ತಾರೆ. ಬದುಕಿದ ಕೋಶಗಳು ನೇರಳೆ ಬಣ್ಣಕ್ಕೆ ತಿರುಗುತ್ತವೆ. ಚರ್ಮದ ಕೆರಳಿಕೆಗೆ ಸಂಬಂಧಿಸಿದ ಈ ವಿಧಾನಕ್ಕೆ 2010ರಲ್ಲಿಯೇ ಒಇಸಿಡಿ ಎಂಬ ಅಂತಾರಾಷ್ಟ್ರೀಯ ಸಂಸ್ಥೆಯ ಮಾರ್ಗಸೂಚಿ ಬಂದಿದೆ. ಕಣ್ಣಿಗೂ ಇಂಥ ಕೃತಕ ಪಟಲಗಳಿವೆ. ಕಸಾಯಿಖಾನೆಯಿಂದ ತಂದ ದನದ ಅಥವಾ ಕೋಳಿಯ ಕಣ್ಣನ್ನು ಬಳಸುವ ವಿಧಾನವೂ ಇದೆ. ಎಲ್ಲವೂ ಮುಗಿದಿದೆ ಎಂದು ಹೇಳಲಾರೆ: ವರ್ಷಗಟ್ಟಲೆ ಬಳಸಿದರೆ ದೇಹದೊಳಗೆ ಏನಾಗುತ್ತದೆ, ಗರ್ಭಕ್ಕೆ ತೊಂದರೆಯಿದೆಯೇ ಎಂಬಂಥ ಪ್ರಶ್ನೆಗಳಿಗೆ ಒಂದೇ ಸರಳ ಪರ್ಯಾಯ ಇಲ್ಲ. ಆದ್ದರಿಂದಲೇ ತಯಾರಕರು ಹೊಸ ರಾಸಾಯನಿಕಕ್ಕಿಂತ, ಗುಣದೋಷಗಳು ಈಗಾಗಲೇ ತಿಳಿದಿರುವ ಪದಾರ್ಥಗಳನ್ನೇ ಹೆಚ್ಚಾಗಿ ನೆಚ್ಚಿಕೊಳ್ಳುತ್ತಾರೆ.

ನಿಮ್ಮ ಗ್ರಾಹಕರ ವಿಷಯಕ್ಕೆ ಬರೋಣ. ಅವರಿಗೆ ಆದದ್ದು ಅಲರ್ಜಿ ಎಂದು ಊಹಿಸಬಹುದು. ಕಾರಣ ಪಿಪಿಡಿ ಇರುವ ಸಾಧ್ಯತೆ ಹೆಚ್ಚು. ನೂರಾರು ಜನರಿಗೆ ಏನೂ ಮಾಡದ ಪದಾರ್ಥ ಒಬ್ಬರಿಗೆ ಊತ ತರಿಸುತ್ತದೆಯೇ ಎಂಬುದನ್ನು ಸಾವಿರ ಮೊಲಗಳೂ ಮೊದಲೇ ಹೇಳಲಾರವು. ಅದನ್ನು ಹೇಳಬಲ್ಲದ್ದು ಆ ವ್ಯಕ್ತಿಯ ಚರ್ಮ ಮಾತ್ರ. ಪಿಪಿಡಿ ಇರುವ ಬಣ್ಣದ ಡಬ್ಬಿಯ ಮೇಲೆ, ಮೊದಲು ಸ್ವಲ್ಪ ಹಚ್ಚಿ ನೋಡಬೇಕು ಮತ್ತು ರೆಪ್ಪೆಗೂದಲು, ಹುಬ್ಬುಗಳಿಗೆ ಬಳಸಕೂಡದು, ಬಳಸಿದರೆ ಕಣ್ಣು ಹೋಗಬಹುದು ಎಂಬ ಎಚ್ಚರಿಕೆ ಇರಲೇಬೇಕೆಂದು ನಮ್ಮ ನಿಯಮಗಳು ಹೇಳುವುದು ಇದಕ್ಕೇ. ಕಿವಿಯ ಹಿಂದೆ ಅಥವಾ ಮೊಣಕೈಯ ಒಳಮಡಿಕೆಯಲ್ಲಿ ಸ್ವಲ್ಪ ಹಚ್ಚಿ 48 ಗಂಟೆ ಕಾಯಬೇಕು. ಮದುವೆಯ ಹಿಂದಿನ ದಿನ ಬಂದು ಕೂತವರಿಗೆ ಇದು ಇಷ್ಟವಾಗದು, ವ್ಯಾಪಾರವೂ ತಪ್ಪಬಹುದು; ಆದರೂ ನಿಮ್ಮ ಪಾರ್ಲರಿನಲ್ಲಿ ಇದನ್ನು ಕಡ್ಡಾಯ ಮಾಡಿ. ಊತ ಬಂದವರಿಗೆ ಪಿಪಿಡಿ ಇರುವ ಬಣ್ಣವನ್ನು ಮತ್ತೆ ಹಾಕಬೇಡಿ, ಚರ್ಮರೋಗ ತಜ್ಞರನ್ನು ಕಾಣಲು ಹೇಳಿ. ಕಪ್ಪು ಮೆಹಂದಿ ಎಂದು ಮಾರುವ ಪುಡಿಗಳಲ್ಲಿಯೂ ಇದೇ ಪದಾರ್ಥ ಬೆರೆತಿರುವುದುಂಟು. ಅಪ್ಪಟ ಗೋರಂಟಿ ಕೆಂಪಾಗುತ್ತದೆಯೇ ಹೊರತು ಕಪ್ಪಾಗುವುದಿಲ್ಲ.

ಪ್ರಶ್ನೆ: ನಾವು ಬಳಸುವ ಸೋಪಿನಲ್ಲಿ ಪ್ರಾಣಿಯ ಕೊಬ್ಬು ಇದೆಯೆಂದು ವಾಟ್ಸ್ಆ್ಯಪ್‌ನಲ್ಲಿ ಸಂದೇಶ ಬಂದಿದೆ. ತಿಳಿಯುವುದು ಹೇಗೆ?
– ನಿವೃತ್ತ ಶಿಕ್ಷಕರು, ಮುಳಬಾಗಿಲು

ಉತ್ತರ: ಪೊಟ್ಟಣದ ಹಿಂಬದಿಯ ಪದಾರ್ಥಗಳ ಪಟ್ಟಿಯನ್ನು ಓದಿ. ಸೋಡಿಯಂ ಟ್ಯಾಲೋವೇಟ್ ಎಂದಿದ್ದರೆ ಪ್ರಾಣಿಯ ಕೊಬ್ಬು. ಸೋಡಿಯಂ ಪಾಮೇಟ್ ಎಂದರೆ ತಾಳೆ ಎಣ್ಣೆ, ಸೋಡಿಯಂ ಕೊಕೊಯೇಟ್ ಎಂದರೆ ತೆಂಗಿನೆಣ್ಣೆ. ಸೋಪು, ಶಾಂಪೂಗಳಿಗೂ ಸಸ್ಯಮೂಲವಾದರೆ ಹಸಿರು, ಪ್ರಾಣಿಮೂಲವಾದರೆ ಕೆಂಪು ಅಥವಾ ಕಂದು ಚುಕ್ಕೆ ಇರಬೇಕೆಂದು 2014ರಲ್ಲಿ ಪೊಟ್ಟಣ ನಿಯಮಗಳಿಗೆ ತಿದ್ದುಪಡಿಯಾಯಿತು. ಎಲ್ಲ ಪೊಟ್ಟಣಗಳ ಮೇಲೂ ಅದು ಕಾಣಿಸುವುದಿಲ್ಲ. ಹಸಿರು ಚುಕ್ಕೆ ಪರೀಕ್ಷೆಯ ಬಗ್ಗೆ ಏನನ್ನೂ ಹೇಳುವುದಿಲ್ಲ ಎಂಬುದು ನೆನಪಿರಲಿ.

ಪ್ರಶ್ನೆ: ಹಾಗಾದರೆ ಮಾತ್ರೆ, ಇಂಜೆಕ್ಷನ್‌ಗಳಿಗೂ ಈ ನಿಷೇಧ ಇದೆಯೇ?
– ಓದುಗರು, ಮಧುಗಿರಿ

ಉತ್ತರ: ಇಲ್ಲ. ಹೊಸ ಔಷಧಗಳ ವಿಷಯದಲ್ಲಿ ಪ್ರಾಣಿ ಪ್ರಯೋಗಕ್ಕೆ ಅವಕಾಶವಿದೆ. 2023ರ ತಿದ್ದುಪಡಿಯಿಂದ ಪ್ರಾಣಿಗಳನ್ನು ಬಳಸದ ವಿಧಾನಗಳಿಗೂ ಮನ್ನಣೆ ದೊರೆತಿದೆ. ವೈದ್ಯರು ಬರೆದುಕೊಟ್ಟ ಔಷಧವನ್ನು ಈ ಕಾರಣಕ್ಕೆ ಬಿಡಬೇಡಿ.

ಪ್ರಶ್ನೆ: ನಮ್ಮ ಸ್ತ್ರೀಶಕ್ತಿ ಸಂಘದವರು ತೆಂಗಿನೆಣ್ಣೆ, ಹೊಂಗೆ ಎಣ್ಣೆಯಿಂದ ಸೋಪು ಮಾಡಿ ಸಂತೆಯಲ್ಲಿ ಮಾರಬೇಕೆಂದಿದ್ದೇವೆ. ನಾವು ಯಾವ ಪ್ರಾಣಿಯ ಮೇಲೂ ಪರೀಕ್ಷಿಸುವುದಿಲ್ಲ, ನಮ್ಮ ಕೈಗೇ ಹಚ್ಚಿ ನೋಡುತ್ತೇವೆ. ಹೊದಿಕೆಯ ಮೇಲೆ ಮೊಲದ ಚಿತ್ರ ಹಾಕಬಹುದೇ?
– ಸಂಘದ ಸದಸ್ಯೆ, ಗೌರಿಬಿದನೂರು ತಾಲ್ಲೂಕು

ಉತ್ತರ: ಮೇಲೆ ಹೇಳಿದ ಸಂಸ್ಥೆಗಳ ಮೊಲವನ್ನು ಅವರ ಅನುಮತಿಯಿಲ್ಲದೆ ಹಾಕುವಂತಿಲ್ಲ, ಅವು ಅವರ ನೋಂದಾಯಿತ ಗುರುತುಗಳು. ನಿಮ್ಮದೇ ಮೊಲವನ್ನು ಬರೆಸುವುದೂ ಬೇಡವೆನ್ನುತ್ತೇನೆ. ತಪಾಸಣೆ ಇಲ್ಲದ ಮೊಲಗಳು ಪೇಟೆಯಲ್ಲಿ ಈಗಾಗಲೇ ಸಾಕಷ್ಟಿವೆ. "ಪ್ರಾಣಿಗಳ ಮೇಲೆ ಪರೀಕ್ಷಿಸಿಲ್ಲ, ಪ್ರಾಣಿಜನ್ಯ ಪದಾರ್ಥವಿಲ್ಲ" ಎಂದು ಕನ್ನಡದಲ್ಲಿ ಸ್ಪಷ್ಟವಾಗಿ ಅಚ್ಚು ಹಾಕಿಸಿ. ಎರಡನೆಯ ಮಾತನ್ನು ಬರೆಯುವ ಮುನ್ನ, ಹಾಲು, ಜೇನು ಏನಾದರೂ ಬೆರೆಸುತ್ತಿದ್ದೀರಾ ನೋಡಿಕೊಳ್ಳಿ. ಕೊಳ್ಳುವ ಸುವಾಸನೆ, ಬಣ್ಣಗಳನ್ನು ಮಾರುವವರಿಂದಲೂ ಪರೀಕ್ಷೆಯ ಬಗ್ಗೆ ಒಂದು ಪತ್ರ ಬರೆಸಿಕೊಂಡು ಕಡತದಲ್ಲಿಡಿ. ಯಾರಾದರೂ ಕೇಳಿದಾಗ ತೋರಿಸಲು ನಿಮ್ಮಲ್ಲಿರುವ ಆಧಾರ ಅದೊಂದೇ.

ಅದಕ್ಕಿಂತ ಮೊದಲಿನ ಕೆಲಸ ಪರವಾನಗಿ. ಸೋಪು ಸೌಂದರ್ಯವರ್ಧಕವಾದ್ದರಿಂದ ಮಾರಾಟಕ್ಕಾಗಿ ತಯಾರಿಸುವವರು ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳಿಂದ ಅದನ್ನು ಪಡೆಯಬೇಕು. ಜಾಗ, ಸಲಕರಣೆ ಮತ್ತು ಅರ್ಹತೆಯುಳ್ಳ ತಾಂತ್ರಿಕ ಸಿಬ್ಬಂದಿ ಇರಬೇಕೆಂಬ ಷರತ್ತುಗಳಿವೆ. ಒಂಟಿ ಸಂಘಕ್ಕೆ ಇದು ಭಾರವೆನಿಸಿದರೆ, ಈಗಾಗಲೇ ಪರವಾನಗಿ ಇರುವ ಘಟಕವೊಂದರ ಜೊತೆ ಸೇರಿ ಮಾಡುವ ದಾರಿಯನ್ನು ವಿಚಾರಿಸಿ.

ಕೈಗೆ ಹಚ್ಚಿ ನೋಡುವ ಬಗ್ಗೆಯೂ ಒಂದು ಮಾತು. ಸೋಪಿಗೆ ಬೀಳುವ ಕಾಸ್ಟಿಕ್ ಸೋಡಾ ಚರ್ಮವನ್ನು ಸುಡುತ್ತದೆ. ಎಣ್ಣೆಯ ಪ್ರಮಾಣಕ್ಕೆ ತಕ್ಕಂತೆ ಅದನ್ನು ಅಂದಾಜಿನಲ್ಲಿ ಹಾಕದೆ ತಕ್ಕಡಿಯಲ್ಲಿ ತೂಗಿ ಹಾಕಬೇಕು. ಹೊಂಗೆ ಎಣ್ಣೆಗೂ ತೆಂಗಿನೆಣ್ಣೆಗೂ ಬೇಕಾಗುವ ಸೋಡಾ ಒಂದೇ ಅಲ್ಲ. ಕುದಿಸದೆ ಮಾಡಿದ ಸೋಪನ್ನು ಅಚ್ಚಿನಿಂದ ತೆಗೆದು ನಾಲ್ಕರಿಂದ ಆರು ವಾರ ಗಾಳಿಯಾಡುವ ಕಡೆ ಒಣಗಲು ಬಿಡಿ. ಆಮೇಲೆ ಕ್ಷಾರ ಎಷ್ಟಿದೆಯೆಂದು ತೋರಿಸುವ ಪಿಎಚ್ ಕಾಗದದಿಂದ ನೋಡಿ. 10ನ್ನು ಮೀರಿದ್ದರೆ ಆ ಸಲ ಮಾಡಿದ ಸೋಪನ್ನು ಯಾರ ಕೈಗೂ ಹಚ್ಚಬೇಡಿ, ಸಂಘದವರ ಕೈಗೂ ಬೇಡ.